ಅಪ್ಪನ ಹೆಸರನ್ನು ಅಂಟಾರ್ಕ್ಟಿಕಾದ ಶಿಖರಕ್ಕೆ ಇಡಿಸಬಹುದಾ?

ಪ್ರಶ್ನೆ: ಸರ್, ನಮ್ಮ ತಂದೆ ಸೇನೆಯ ಎಂಜಿನಿಯರಿಂಗ್ ವಿಭಾಗದಲ್ಲಿದ್ದರು. 1980ರ ದಶಕದ ಕೊನೆಯಲ್ಲಿ ಭಾರತದ ಮೈತ್ರಿ ಸಂಶೋಧನಾ ನಿಲ್ದಾಣ ಕಟ್ಟುವಾಗ ಅಂಟಾರ್ಕ್ಟಿಕಾಕ್ಕೆ ಹೋಗಿದ್ದರು. ಹಿಮದ ಮೇಲೆ ಸಾಮಾನು ಎಳೆಯುವ ಗಾಡಿ ಓಡಿಸುವುದು ಅವರ ಕೆಲಸ. ದಕ್ಷಿಣಕ್ಕೆ ಸಾಲಾಗಿ ಕಾಣುತ್ತಿದ್ದ ಬೆಟ್ಟಗಳ ಬಗ್ಗೆ ಯಾವಾಗಲೂ ಹೇಳುತ್ತಿದ್ದರು. ಅವರು ತೆಗೆದ ಒಂದು ಫೋಟೊ ಕೂಡ ಇದೆ. ಹೋದ ವರ್ಷ ತೀರಿಕೊಂಡರು. ಆ ಸಾಲಿನಲ್ಲಿ ಹೆಸರಿಲ್ಲದ ಒಂದು ಸಣ್ಣ ಶಿಖರಕ್ಕೆ ಅವರ ಹೆಸರು ಇಡಿಸಬೇಕು ಅಂತ ನಮ್ಮ ಆಸೆ. ನಲವತ್ತು ಸಾವಿರ ರೂಪಾಯಿ ಕೊಟ್ಟರೆ ಶಿಖರಕ್ಕೆ ಹೆಸರಿಟ್ಟು ಪ್ರಮಾಣಪತ್ರ ಕಳಿಸುತ್ತೇವೆ ಅಂತ ಒಂದು ವೆಬ್‌ಸೈಟ್ ಹೇಳುತ್ತಿದೆ. ನಮ್ಮ ಭಾವ ಹೇಳುವುದೇ ಬೇರೆ. ಆ ಪರ್ವತಸಾಲಿಗೆ ನಾಜಿ ಅಧಿಕಾರಿಯ ಹೆಸರಿದೆಯಂತೆ, ಹಿಟ್ಲರ್ ಅಲ್ಲಿ ಗುಪ್ತ ನೆಲೆ ಕಟ್ಟಿಸಿದ್ದನಂತೆ. ಆ ಹೆಸರನ್ನೇ ತೆಗೆಸಿ ನಮ್ಮವರ ಹೆಸರು ಇಡಿಸಲು ಅರ್ಜಿ ಹಾಕಿ ಅನ್ನುತ್ತಾರೆ. ನಮ್ಮ ನಿಲ್ದಾಣ ಇರುವ ಜಾಗ ನಮ್ಮದೇ ಅಲ್ವಾ? ಏನು ಮಾಡಬೇಕು ತಿಳಿಸಿ. – ಓದುಗರು, ಹಾಸನ

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಆ ವೆಬ್‌ಸೈಟಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಅಂಟಾರ್ಕ್ಟಿಕಾದ ಶಿಖರಗಳ ಹೆಸರು ಮಾರುವ ಹಕ್ಕು ಯಾರಿಗೂ ಇಲ್ಲ. ಅವರು ಕೊಡುವ ಕಾಗದವನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದು, ಅಷ್ಟೇ. ಯಾವ ದೇಶದ ನಕಾಶೆಯಲ್ಲೂ ಆ ಹೆಸರು ಬರುವುದಿಲ್ಲ. ಅದೇ ಶಿಖರವನ್ನು ನಾಳೆ ಇನ್ನೊಬ್ಬರಿಗೆ ಮಾರಿದರೂ ಕೇಳುವವರಿಲ್ಲ. ತಂದೆಯವರ ಸೇನಾ ದಾಖಲೆ, ಪಿಂಚಣಿ ಕಾಗದ, ಆಧಾರ್ ಪ್ರತಿ ಏನಾದರೂ ಕೇಳಿದ್ದರೆ ಅದನ್ನಂತೂ ಕೊಡಲೇಬೇಡಿ.

ಇನ್ನು ನಿಮ್ಮ ಭಾವನವರ ಮಾತು. ಅದರಲ್ಲಿ ಅರ್ಧ ನಿಜ, ಅರ್ಧ ಕಟ್ಟುಕಥೆ. ಎರಡನ್ನೂ ಬಿಡಿಸಿ ನೋಡದಿದ್ದರೆ ನಿಮ್ಮ ಅರ್ಜಿ ದಾರಿ ತಪ್ಪುತ್ತದೆ. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಮೈತ್ರಿಯಿಂದ ದಕ್ಷಿಣಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಇರುವುದು ವೋಲ್ಟಾಟ್ ಪರ್ವತಗಳು. ಅದರೊಳಗೇ ಹಂಬೋಲ್ಟ್, ಪೀಟರ್‌ಮನ್, ಗ್ರೂಬರ್ ಅಂತ ಮೂರು ಗುಂಪುಗಳಿವೆ. ಪಶ್ಚಿಮಕ್ಕೆ ಓರ್ವಿನ್ ಪರ್ವತಗಳು, ಅದರಾಚೆ ಮ್ಯೂಲಿಗ್-ಹೋಫ್‌ಮನ್ ಸಾಲು. ಈ ಇಡೀ ಭಾಗಕ್ಕೆ ಕ್ವೀನ್ ಮಾಡ್ ಲ್ಯಾಂಡ್ ಅನ್ನುತ್ತಾರೆ. ಅಲ್ಲಿನ ಬೆಟ್ಟ ನಮ್ಮ ಮುಳ್ಳಯ್ಯನಗಿರಿಯ ಹಾಗೆ ಬುಡದಿಂದ ತುದಿವರೆಗೆ ಕಾಣುವುದಿಲ್ಲ. ಬುಡವೆಲ್ಲ ದಪ್ಪ ಮಂಜುಗಡ್ಡೆಯಲ್ಲಿ ಹೂತಿರುತ್ತದೆ, ತಲೆ ಮಾತ್ರ ಹೊರಗೆ. ಗಾಳಿಯಲ್ಲಿ ಧೂಳಿಲ್ಲ, ತೇವ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ತುಂಬಾ ದೂರದ್ದೂ ಇಲ್ಲೇ ಪಕ್ಕದಲ್ಲಿದೆ ಅನ್ನಿಸುತ್ತದೆ. ಮೈತ್ರಿಗೆ ಹೋಗಿ ಬಂದವರು ಬಹಳ ಜನ ‘ಎದುರಿಗೇ ಇತ್ತು ಬೆಟ್ಟ’ ಅನ್ನುವುದು ಇದಕ್ಕೇ.

ಈ ಸಾಲನ್ನು ಮೊದಲು ನೋಡಿದವರು ಜರ್ಮನ್ನರು. ನೋಡಿದ್ದು ವಿಮಾನದಿಂದ. 1938ರ ಡಿಸೆಂಬರ್ 17ಕ್ಕೆ ‘ಶ್ವಾಬೆನ್‌ಲ್ಯಾಂಡ್’ ಅನ್ನುವ ಹಡಗು ಹ್ಯಾಂಬರ್ಗ್ ಬಿಟ್ಟಿತು. ಮುಖ್ಯಸ್ಥ ಕ್ಯಾಪ್ಟನ್ ಆಲ್ಫ್ರೆಡ್ ರಿಚರ್. ಹಡಗಿನ ಮೇಲೆ ‘ಬೋರಿಯಾಸ್’, ‘ಪಸ್ಸಾಟ್’ ಅನ್ನುವ ಎರಡು ಡೋರ್ನಿಯರ್ ಸಮುದ್ರ ವಿಮಾನಗಳು. ಅವನ್ನು ಹಡಗಿನ ಕವಣೆ ಯಂತ್ರದಿಂದ ಚಿಮ್ಮಿಸಿ ಹಾರಿಸುತ್ತಿದ್ದರು. ವಾಪಸ್ ಬಂದು ನೀರಿನ ಮೇಲೆ ಇಳಿದಾಗ ಕ್ರೇನಿನಿಂದ ಎತ್ತಿ ಮೇಲಿಡುತ್ತಿದ್ದರು.

ಹೋಗಿದ್ದು ಯಾಕೆ? ತಿಮಿಂಗಿಲದ ಎಣ್ಣೆಗೆ. ಆಗಿನ ಜರ್ಮನಿಯಲ್ಲಿ ಮಾರ್ಗರೀನ್, ಸೋಪು ಮಾಡಲು ಆ ಎಣ್ಣೆ ಬೇಕಿತ್ತು. ನಾರ್ವೆಯಿಂದ ಕೊಳ್ಳಲು ವಿದೇಶಿ ಹಣ ಸುರಿಯಬೇಕಿತ್ತು. ದಕ್ಷಿಣ ಸಮುದ್ರದಲ್ಲಿ ತಮ್ಮದೇ ಬೇಟೆ ಹಡಗುಗಳಿಗೆ ಒಂದು ಜಾಗ ಬೇಕು ಅಂತ ಹಿಟ್ಲರನ ಮಂತ್ರಿ ಗೋರಿಂಗ್‌ನ ನಾಲ್ಕು ವರ್ಷಗಳ ಆರ್ಥಿಕ ಯೋಜನೆಯ ಕಚೇರಿ ಈ ಯಾತ್ರೆಯನ್ನು ಗುಟ್ಟಾಗಿ ಹೊರಡಿಸಿತು. ಆ ಕಚೇರಿಯಲ್ಲಿ ಏರ್ಪಾಡು ನೋಡಿಕೊಂಡ ದೊಡ್ಡ ಅಧಿಕಾರಿ ಹೆಲ್ಮುಟ್ ವೋಲ್ಟಾಟ್. ಅಂದರೆ ನಾಜಿ ಸರ್ಕಾರದ ಅಧಿಕಾರಿಯ ಹೆಸರು ಅನ್ನುವ ಮಟ್ಟಿಗೆ ನಿಮ್ಮ ಭಾವ ಸರಿ. ಮ್ಯೂಲಿಗ್-ಹೋಫ್‌ಮನ್ ಕೂಡ ಅಂಥವನೇ, ವಿಮಾನ ಖಾತೆಯ ವಿಭಾಗ ಮುಖ್ಯಸ್ಥ. ಖರ್ಚು ಕೊಟ್ಟವರ, ಕಾಗದಕ್ಕೆ ಸಹಿ ಹಾಕಿದವರ ಹೆಸರು ಬೆಟ್ಟದ ಮೇಲೆ ಏರಿತು.

ಇಲ್ಲಿ ಒಂದು ತಮಾಷೆ ಇದೆ. ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. 1939ರ ಜನವರಿ 14ಕ್ಕೆ ನಾರ್ವೆ ‘ಆ ಕರಾವಳಿ ನಮ್ಮದು’ ಅಂತ ರಾಜಾಜ್ಞೆ ಹೊರಡಿಸಿಬಿಟ್ಟಿತು. ಶ್ವಾಬೆನ್‌ಲ್ಯಾಂಡ್ ಮಂಜಿನ ಅಂಚಿಗೆ ತಲುಪಿದ್ದು 19ಕ್ಕೆ. ಐದು ದಿನ ತಡ. ಆದರೂ ಜರ್ಮನ್ನರು ಹಾರಿದರು. ಪ್ರತಿ ವಿಮಾನದಲ್ಲೂ ಅಲ್ಯೂಮಿನಿಯಂ ಈಟಿಗಳು. ಒಂದೊಂದೂ ಸುಮಾರು 1.2 ಮೀಟರ್ ಉದ್ದ, ತುದಿಗೆ ಉಕ್ಕಿನ ಮೊನೆ, ಹಿಂದೆ ಬಾಲದ ರೆಕ್ಕೆಗಳ ಮೇಲೆ ಸ್ವಸ್ತಿಕ. ದಾರಿಯುದ್ದಕ್ಕೂ ಅವನ್ನು ಮಂಜಿನ ಮೇಲೆ ಎಸೆಯುತ್ತಾ ಹೋದರು. ಬೇಲಿ ಗೂಟ ನೆಟ್ಟ ಲೆಕ್ಕ. ಕೆಲವೇ ವಾರಗಳಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಫೋಟೊ ತೆಗೆದರು. ಏಪ್ರಿಲ್‌ನಲ್ಲಿ ಹ್ಯಾಂಬರ್ಗಿಗೆ ವಾಪಸ್. ಸೆಪ್ಟೆಂಬರ್‌ನಲ್ಲಿ ಯುದ್ಧ ಶುರು. ಎಣ್ಣೆ, ಬೇಟೆ, ವಸಾಹತು ಎಲ್ಲ ಅಲ್ಲಿಗೇ ನಿಂತಿತು.

ಗುಪ್ತ ನೆಲೆಯ ಕಥೆ ಮಾತ್ರ ನಂಬಬೇಡಿ. ಆ ತಂಡದಲ್ಲಿ ಚಳಿಗಾಲ ಅಲ್ಲಿ ಕಳೆದವರು ಒಬ್ಬರೂ ಇಲ್ಲ. ಬೆಟ್ಟಗಳ ಮೇಲೆ ಕಾಲಿಟ್ಟವರೂ ಇಲ್ಲ. ಇಳಿದಿದ್ದು ಕರಾವಳಿಯ ಅಂಚಿನಲ್ಲಿ, ಅದೂ ಸ್ವಲ್ಪ ಹೊತ್ತು. 1945ರಲ್ಲಿ ಹಿಟ್ಲರ್ ಜಲಾಂತರ್ಗಾಮಿಯಲ್ಲಿ ಅಲ್ಲಿಗೆ ಓಡಿಹೋದ ಅನ್ನುವವರು ಯು-530, ಯು-977 ಹೆಸರು ಹೇಳುತ್ತಾರೆ. ಅವೆರಡೂ ಅರ್ಜೆಂಟೀನಾದಲ್ಲಿ ಶರಣಾಗಿದ್ದು 1945ರ ಜುಲೈ ಮತ್ತು ಆಗಸ್ಟ್‌ನಲ್ಲಿ. ಅದು ಅಲ್ಲಿ ನಡು ಚಳಿಗಾಲ. ಆಗ ಸಮುದ್ರ ತೀರದಿಂದ ನೂರಾರು ಕಿಲೋಮೀಟರ್ ಆಚೆವರೆಗೆ ಹೆಪ್ಪುಗಟ್ಟಿರುತ್ತದೆ. ಉಸಿರಾಡಲು ಮೇಲೆ ಬರಲೇಬೇಕಾದ ಆ ಕಾಲದ ಜಲಾಂತರ್ಗಾಮಿ ಅದರಡಿ ಅಷ್ಟು ದೂರ ಹೋಗಿ ಬರುವುದು ಸಾಧ್ಯವೇ ಇಲ್ಲ. ಮೈತ್ರಿಯಲ್ಲಿ ನಮ್ಮವರು, ಪಕ್ಕದ ನೊವೊಲಾಜರೆವ್‌ಸ್ಕಾಯಾದಲ್ಲಿ ರಷ್ಯನ್ನರು ದಶಕಗಟ್ಟಲೆ ಇದ್ದಾರೆ. ನೆಲೆ ಇದ್ದಿದ್ದರೆ ಯಾರಾದರೂ ಒಂದು ಡಬ್ಬಿಯನ್ನಾದರೂ ನೋಡಿರುತ್ತಿದ್ದರು.

ಈಗ ನಿಮಗೆ ನಿಜವಾಗಿ ಬೇಕಾದ ಭಾಗ. ಫೋಟೊ ತೆಗೆದರೆ ನಕಾಶೆ ಆಗುವುದಿಲ್ಲ. ವಿಮಾನದಿಂದ ಓರೆಯಾಗಿ ತೆಗೆದ ಚಿತ್ರದಲ್ಲಿ ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು. ಅದನ್ನು ಅಳತೆಗೆ ತರಬೇಕಾದರೆ ನೆಲದ ಮೇಲೆ ಕೆಲವು ಬಿಂದುಗಳ ಅಕ್ಷಾಂಶ, ರೇಖಾಂಶ, ಎತ್ತರ ಅಳೆದಿರಬೇಕು. ನಕಾಶೆ ಮಾಡುವ ನಮ್ಮ ಕೆಲಸದಲ್ಲಿ ಇದಕ್ಕೆ ಗ್ರೌಂಡ್ ಕಂಟ್ರೋಲ್ ಅನ್ನುತ್ತೇವೆ. ಜರ್ಮನ್ನರ ಬಳಿ ಆ ಬೆಟ್ಟಗಳಲ್ಲಿ ಇಂಥ ಒಂದು ಬಿಂದುವೂ ಇರಲಿಲ್ಲ. ನಕಾಶೆ ಬರೆದವರು ಒಟ್ಟೊ ಫಾನ್ ಗ್ರೂಬರ್. ಅವರು ಈ ಕೆಲಸದಲ್ಲಿ ಪಳಗಿದ ಕೈ, ಗ್ರೂಬರ್ ಪರ್ವತಗಳು ಅವರ ಹೆಸರೇ. ಆದರೂ ಆಧಾರವೇ ಇಲ್ಲದಾಗ ಏನು ಮಾಡುತ್ತಾರೆ? ಜಾಗ, ಎತ್ತರ ಎರಡೂ ತಪ್ಪಾದವು. ಫೋಟೊಗಳಲ್ಲಿ ಬಹುಪಾಲು ಯುದ್ಧದಲ್ಲಿ ಹಾಳಾದವು.

ಹತ್ತಿಪ್ಪತ್ತು ವರ್ಷದ ಮೇಲೆ, 1956ರಿಂದ 60ರವರೆಗೆ, ನಾರ್ವೆಯ ತಂಡ ಅಲ್ಲೇ ಉಳಿದು ನೆಲದ ಮೇಲೆ ಅಳೆಯಿತು, ಮತ್ತೆ ವಿಮಾನದಿಂದ ಫೋಟೊ ತೆಗೆಯಿತು. ನಂಬಬಹುದಾದ ನಕಾಶೆ ಆಗ ಬಂತು. ತಲೆನೋವು ಶುರುವಾದದ್ದೂ ಆಗಲೇ. ಹಳೆಯ ನಕಾಶೆಯಲ್ಲಿ ಹೆಸರಿದೆ, ಹೊಸ ನಕಾಶೆಯಲ್ಲಿ ಶಿಖರ ಇದೆ. ಯಾವ ಹೆಸರು ಯಾವ ಶಿಖರದ್ದು? ಎಷ್ಟೋ ಕಡೆ ಇದೇ ಇರಬೇಕು ಅಂತ ಅಂದಾಜಿನ ಮೇಲೆ ಹೊಂದಿಸಿದ್ದಾರೆ. ಬಳಕೆಯಲ್ಲಿರುವ ಹೆಸರುಗಳನ್ನು ಆದಷ್ಟು ಕದಲಿಸಬಾರದು ಅನ್ನುವುದೇ ಆಗ ಇಟ್ಟುಕೊಂಡ ನೀತಿ. ಆಮೇಲೆ ಸೋವಿಯತ್ ತಂಡಗಳು ಬಂದು ತಮ್ಮ ಹೆಸರುಗಳನ್ನೂ ಸೇರಿಸಿದವು. ಹೀಗಾಗಿ ಒಂದೇ ಬೆಟ್ಟಕ್ಕೆ ಜರ್ಮನ್, ನಾರ್ವೇಜಿಯನ್, ರಷ್ಯನ್ ಹೆಸರು ಮೂರೂ ಇದ್ದರೆ ಆಶ್ಚರ್ಯವಿಲ್ಲ. ಹೆಸರಿಲ್ಲದ ಶಿಖರ ಅಂತ ನೀವು ಅಂದುಕೊಂಡದ್ದಕ್ಕೆ ಆಗಲೇ ಹೆಸರು ಇರುವ ಸಂಭವ ಜಾಸ್ತಿ.

ಜಾಗ ನಮ್ಮದೇ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. 1959ರ ಡಿಸೆಂಬರ್ 1ಕ್ಕೆ ಸಹಿಯಾಗಿ 1961ರಲ್ಲಿ ಜಾರಿಗೆ ಬಂದ ಅಂಟಾರ್ಕ್ಟಿಕ್ ಒಪ್ಪಂದ ಎಲ್ಲ ದೇಶಗಳ ಹಕ್ಕುಸಾಧನೆಯನ್ನೂ ಇದ್ದಲ್ಲಿಗೇ ನಿಲ್ಲಿಸಿತು. ಹಳೆಯದನ್ನು ಒಪ್ಪಿದ್ದೂ ಇಲ್ಲ, ತಳ್ಳಿಹಾಕಿದ್ದೂ ಇಲ್ಲ. ಹೊಸದಾಗಿ ಕೇಳುವ ಹಾಗಂತೂ ಇಲ್ಲ. ಭಾರತ 1983ರಲ್ಲಿ ಅದಕ್ಕೆ ಸೇರಿತು. ನಿಲ್ದಾಣ ಕಟ್ಟಿದರೆ ನೆಲ ನಮ್ಮದಾಗುವುದಿಲ್ಲ, ಹೆಸರಿಟ್ಟರೂ ಆಗುವುದಿಲ್ಲ. ಮೈತ್ರಿಯ ಪಕ್ಕದ ಕೆರೆಯನ್ನೇ ನೋಡಿ. ನಮ್ಮವರು ಅದನ್ನು ಪ್ರಿಯದರ್ಶಿನಿ ಅನ್ನುತ್ತಾರೆ, ಕುಡಿಯುವ ನೀರು ಅಲ್ಲಿಂದಲೇ ಬರುತ್ತದೆ. ರಷ್ಯನ್ನರ ನಕಾಶೆಯಲ್ಲಿ ಅದು ಜುಬ್ ಕೆರೆ. ಎರಡೂ ಹೆಸರು ನಡೆಯುತ್ತಿವೆ, ಯಾರೂ ಜಗಳಕ್ಕೆ ಬಂದಿಲ್ಲ.

ಹಾಗಾದರೆ ಹೆಸರು ಇಡುವವರು ಯಾರು? ಹಿಂದೆ ಹೋದವರೇ ಇಟ್ಟುಬಿಡುತ್ತಿದ್ದರು. ಫ್ರೆಂಚ್ ನಾವಿಕ ದ್ಯುಮೋ ದ್ಯುರ್ವಿಲ್ ತಾನು ಕಂಡ ಭಾಗಕ್ಕೆ ಹೆಂಡತಿ ಅಡೆಲಿಯ ಹೆಸರಿಟ್ಟ. ಅಮೆರಿಕದ ಅನ್ವೇಷಕ ಬರ್ಡ್ ಇನ್ನೊಂದು ಭಾಗಕ್ಕೆ ಹೆಂಡತಿ ಮೇರಿಯ ಹೆಸರಿಟ್ಟ, ದುಡ್ಡು ಕೊಟ್ಟ ರಾಕ್‌ಫೆಲರ್‌ಗೂ ಒಂದು ಬೆಟ್ಟಸಾಲು ಕೊಟ್ಟ. ಶ್ಯಾಕಲ್ಟನ್ ತನ್ನ ಯಾತ್ರೆಗೆ ನೆರವಾದ ಉದ್ಯಮಿ ಬಿಯರ್ಡ್‌ಮೋರ್ ಹೆಸರನ್ನು ದೊಡ್ಡ ಹಿಮನದಿಗೆ ಇಟ್ಟ. ಇಲ್ಲದ ಬೆಟ್ಟಕ್ಕೂ ಹೆಸರು ಬಿದ್ದಿದೆ. 1841ರಲ್ಲಿ ಜೇಮ್ಸ್ ರಾಸ್ ದೂರದಿಂದ ಕಂಡು ‘ಪ್ಯಾರಿ ಪರ್ವತಗಳು’ ಅಂತ ಬರೆದ ಸಾಲು ಅಲ್ಲಿಲ್ಲ ಅಂತ ಗೊತ್ತಾಗಿದ್ದು ಅರವತ್ತು ವರ್ಷದ ಮೇಲೆ, ಸ್ಕಾಟ್ ಹೋದಾಗ.

ಈಗ ಆ ಕಾಲ ಹೋಯಿತು. ಅಮೆರಿಕ, ಬ್ರಿಟನ್, ನಾರ್ವೆ, ಬಲ್ಗೇರಿಯಾ ಹೀಗೆ ಒಂದೊಂದು ದೇಶಕ್ಕೂ ಅದರದೇ ಸಮಿತಿ ಅಥವಾ ಸಂಸ್ಥೆ ಇದೆ. ಬಲ್ಗೇರಿಯಾದಂಥ ಪುಟ್ಟ ದೇಶ 1994ರಿಂದ ಈಚೆಗೆ ಸಾವಿರಕ್ಕೂ ಹೆಚ್ಚು ಹೆಸರು ಇಟ್ಟಿದೆ ಅಂದರೆ ನಂಬುತ್ತೀರಾ! ಈ ಹೆಸರುಗಳನ್ನೆಲ್ಲ ಅಂಟಾರ್ಕ್ಟಿಕ್ ಸಂಶೋಧನೆಯ ಅಂತರರಾಷ್ಟ್ರೀಯ ವಿಜ್ಞಾನ ಸಮಿತಿ, ಸಂಕ್ಷೇಪದಲ್ಲಿ ಸ್ಕಾರ್, ಒಂದೇ ಪಟ್ಟಿಗೆ ಸೇರಿಸುತ್ತದೆ. ನೆನಪಿಡಿ, ಸ್ಕಾರ್ ಹೆಸರನ್ನು ಮಂಜೂರು ಮಾಡುವುದಿಲ್ಲ. ದೇಶಗಳು ಕಳಿಸಿದ್ದನ್ನು ದಾಖಲಿಸುತ್ತದೆ ಅಷ್ಟೇ. ಒಂದು ಜಾಗಕ್ಕೆ ಆಗಲೇ ಹೆಸರಿದ್ದರೆ ಇನ್ನೊಂದನ್ನು ಇಡಬೇಡಿ ಅಂತ ಕೇಳಿಕೊಳ್ಳುತ್ತದೆ.

ಸಮಿತಿಗಳ ನಿಯಮಗಳಲ್ಲಿ ಅಮೆರಿಕದ್ದನ್ನು ಓದಲು ಖುಷಿ. ಸರಕಿನ ಹೆಸರು ಇಡುವಂತಿಲ್ಲ, ಜಾರುಬಂಡಿ ಎಳೆಯುವ ನಾಯಿಯ ಹೆಸರು ಇಡುವಂತಿಲ್ಲ, ಬರೀ ನೆಂಟಸ್ತಿಕೆ ಅಥವಾ ಗೆಳೆತನದ ಮೇಲೆ ಹೆಸರು ಇಡುವಂತಿಲ್ಲ. ನಿಮಗೆ ತಾಗುವುದು ಈ ಮೂರನೆಯದು. ‘ನಮ್ಮ ತಂದೆ’ ಅನ್ನುವುದು ಎಲ್ಲಿಯೂ ಕಾರಣವಾಗುವುದಿಲ್ಲ. ‘ಈ ವ್ಯಕ್ತಿ ಅಂಟಾರ್ಕ್ಟಿಕಾದಲ್ಲಿ ಇಂಥ ಕೆಲಸ ಮಾಡಿದರು’ ಅನ್ನುವುದು ಆಗುತ್ತದೆ. ಮೇರಿ ಬರ್ಡ್ ಲ್ಯಾಂಡ್‌ನಲ್ಲಿ ಮೌಂಟ್ ಸಿನ್ಹಾ ಅಂತ 990 ಮೀಟರ್ ಎತ್ತರದ ಬೆಟ್ಟ ಇದೆ. ಅಖೌರಿ ಸಿನ್ಹಾ ಅನ್ನುವ ಭಾರತೀಯ ಮೂಲದ ಜೀವವಿಜ್ಞಾನಿಯ ಹೆಸರು ಅದು. 1970ರ ದಶಕದಲ್ಲಿ ಅಮೆರಿಕದ ಹಡಗುಗಳಲ್ಲಿ ಹೋಗಿ ಅಲ್ಲಿನ ಪ್ರಾಣಿಗಳ ಬಗ್ಗೆ ಕೆಲಸ ಮಾಡಿದ್ದಕ್ಕೆ ಅಮೆರಿಕದ ಸಮಿತಿ ಇಟ್ಟಿತು. ಗಾಡಿ ಓಡಿಸಿದವರು, ಅಡುಗೆಯವರು, ಮೆಕ್ಯಾನಿಕ್‌ಗಳ ಹೆಸರು ಕೂಡ ಆ ನಕಾಶೆಗಳಲ್ಲಿ ಬೇಕಾದಷ್ಟಿವೆ. ಹಾಗಾಗಿ ತಂದೆಯವರ ಕೆಲಸ ಸಣ್ಣದು ಅಂತ ಹಿಂಜರಿಯಬೇಡಿ.

ವೋಲ್ಟಾಟ್ ಹೆಸರು ತೆಗೆಸುವ ದಾರಿ ಮಾತ್ರ ಬೇಡ ಅನ್ನುತ್ತೇನೆ. ಅದರಲ್ಲಿ ನೀತಿಯ ಪ್ರಶ್ನೆ ಇಲ್ಲ ಅಂತಲ್ಲ. ಗ್ರೂಬರ್ ಪರ್ವತಗಳಲ್ಲಿ ಮೆಂಟ್ಸೆಲ್ ಅಂತ ಒಂದು ಶಿಖರ ಇದೆ, ಆ ಮನುಷ್ಯ ನಾಜಿಗಳ ಎಸ್‌ಎಸ್ ಪಡೆಯ ಅಧಿಕಾರಿ. ಅಂಥ ಹೆಸರು ಯಾಕಿರಬೇಕು ಅಂತ ಯಾರಾದರೂ ಕೇಳಿದರೆ ನ್ಯಾಯವೇ. ಆದರೆ ಆ ಚರ್ಚೆ ಜರ್ಮನಿ, ನಾರ್ವೆ ಸೇರಿ ಹಲವು ದೇಶಗಳದ್ದು. ನಿಮ್ಮ ಒಂದು ಅರ್ಜಿಯಿಂದ ಮುಗಿಯುವಂಥದ್ದಲ್ಲ. ಅದರ ಜೊತೆ ತಂದೆಯವರ ಹೆಸರು ಗಂಟು ಹಾಕಿದರೆ ಎರಡೂ ಕೆಡುತ್ತದೆ. ನಮ್ಮ ಭೂವಿಜ್ಞಾನಿಗಳೇ ದಶಕಗಳಿಂದ ವೋಲ್ಟಾಟ್ ಅಂತಲೇ ವರದಿ ಬರೆದಿದ್ದಾರೆ. ಮೈತ್ರಿ ಕೂತಿರುವ ಬಂಡೆನೆಲಕ್ಕೆ ಶಿರ್ಮಾಖರ್ ಓಯಸಿಸ್ ಅನ್ನುತ್ತಾರಲ್ಲ, ಅದು ಬೋರಿಯಾಸ್ ವಿಮಾನದ ಪೈಲಟ್ ಹೆಸರು. ಅದನ್ನೂ ನಾವೇ ಎಲ್ಲ ಕಾಗದಗಳಲ್ಲೂ ಬರೆಯುತ್ತೇವೆ. ಹೆಸರು ಬದಲಾದರೆ ಹಳೆಯ ನಕಾಶೆ ಹಿಡಿದ ಪೈಲಟ್‌ಗೂ ಹೊಸ ನಕಾಶೆ ಹಿಡಿದ ರಕ್ಷಣಾ ತಂಡಕ್ಕೂ ಗೊಂದಲ. ಅಲ್ಲಿ ಅಂಥ ಗೊಂದಲ ಜೀವಕ್ಕೆ ಬರುತ್ತದೆ.

ಉಳಿದಿದ್ದು ನೇರ ದಾರಿ. ಅದು ನಿಧಾನ, ಆಗಿಯೇ ತೀರುತ್ತದೆ ಅಂತಲೂ ಹೇಳಲಾಗದು. ಕೆಲಸ ಫೋಟೊದಿಂದ ಶುರುವಾಗಲಿ. ಅಲ್ಲಿ ನಡು ಮಧ್ಯಾಹ್ನ ಸೂರ್ಯ ಉತ್ತರಕ್ಕೆ ಇರುತ್ತಾನೆ. ಬೆಟ್ಟಗಳ ಮುಖ ಬೆಳಗಿ ಬಂಡೆಯ ಬಣ್ಣ ಕಾಣುತ್ತಿದ್ದರೆ ಹಗಲಲ್ಲಿ ದಕ್ಷಿಣಕ್ಕೆ ತಿರುಗಿ ತೆಗೆದದ್ದು. ಬೆಟ್ಟ ಕಪ್ಪಾಗಿ, ಹಿಂದಿನ ಆಕಾಶ ಬೆಳ್ಳಗಿದ್ದರೆ ರಾತ್ರಿಯ ಸೂರ್ಯನ ಬೆಳಕು. ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ, ಮಧ್ಯರಾತ್ರಿ ದಕ್ಷಿಣದಲ್ಲಿ ಕೆಳಗೆ ಇರುತ್ತಾನೆ. ಫೋಟೊದ ಹಿಂದೆ ಏನಾದರೂ ಬರೆದಿದೆಯಾ ನೋಡಿ. ನೆಗೆಟಿವ್ ಇದ್ದರೆ ಒರೆಸಲು ಹೋಗಬೇಡಿ, ಒಳ್ಳೆಯ ಕಡೆ ಸ್ಕ್ಯಾನ್ ಮಾಡಿಸಿ. ಮುಂದೆ ಇರುವ ಬಂಡೆ, ಕೆರೆ, ಕಟ್ಟಡ ಗುರುತಾದರೆ ತೆಗೆದ ಜಾಗ ಸಿಗುತ್ತದೆ. ಆ ಜಾಗದಿಂದ ಶಿಖರದ ಕಡೆಗೆ ಗೆರೆ ಎಳೆದರೆ ಅದು ಯಾವುದು ಅಂತ ನಕಾಶೆಯಲ್ಲಿ ಹುಡುಕಬಹುದು. ಒಂದೇ ಫೋಟೊದಿಂದ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. ಬೇರೆ ಜಾಗದಿಂದ ತೆಗೆದ ಇನ್ನೊಂದು ಫೋಟೊ ತಂದೆಯವರ ಗೆಳೆಯರ ಬಳಿ ಇದ್ದರೆ ಎರಡು ಗೆರೆ ಸೇರುವ ಕಡೆ ಶಿಖರ.

ಸ್ಕಾರ್ ಪಟ್ಟಿ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಆ ಅಕ್ಷಾಂಶ, ರೇಖಾಂಶದ ಸುತ್ತ ಯಾವ ಯಾವ ಹೆಸರಿದೆ ನೋಡಿ. ಹೆಸರಿದ್ದರೆ ಅದನ್ನು ಬಿಟ್ಟುಬಿಡಿ. ಪಕ್ಕದ ಒಂಟಿ ಬಂಡೆತಲೆ, ಸಣ್ಣ ಕೆರೆ, ಏಣು ಏನಾದರೂ ಖಾಲಿ ಇರಬಹುದು. ಹಾಗೆ ನೋಡಿದರೆ ತಂದೆಯವರು ಗಾಡಿ ಓಡಿಸಿದ ದಾರಿಯಲ್ಲೇ ಇರುವ ಒಂದು ಪುಟ್ಟ ಬಂಡೆತಲೆ ನೂರು ಕಿಲೋಮೀಟರ್ ಆಚೆಯ ಶಿಖರಕ್ಕಿಂತ ಗಟ್ಟಿ ಕಾರಣ ಅನ್ನುವುದು ನನ್ನ ಅಭಿಪ್ರಾಯ. ಅವರ ಕೆಲಸಕ್ಕೂ ಆ ಜಾಗಕ್ಕೂ ನೇರ ಸಂಬಂಧ ಇರುತ್ತದೆ.

ಪ್ರಸ್ತಾವವನ್ನು ನೀವು ಬರೆಯುವುದಕ್ಕಿಂತ ಅವರ ಜೊತೆ ಹೋಗಿದ್ದ ತಂಡದವರು ಬರೆದರೆ ಒಳ್ಳೆಯದು. ಆಗಿನ ಯಾತ್ರೆಗಳ ವರದಿಗಳು ಪ್ರಕಟವಾಗಿವೆ, ಅದರಲ್ಲಿ ಹೆಸರು, ಕೆಲಸ ಇದ್ದರೆ ಆ ಪುಟದ ಪ್ರತಿ ಲಗತ್ತಿಸಿ. ಕಳಿಸಬೇಕಾದದ್ದು ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರಕ್ಕೆ. ಭಾರತದ ಅಂಟಾರ್ಕ್ಟಿಕ್ ಕೆಲಸವನ್ನೆಲ್ಲ ನಡೆಸುವವರು ಅವರೇ. ಒಂದು ಪುಟ ಸಾಕು. ಯಾವ ವರ್ಷ, ಯಾವ ತಂಡ, ಏನು ಕೆಲಸ, ಯಾವ ಜಾಗ, ಆ ಜಾಗವೇ ಯಾಕೆ. ದುಃಖದ ಮಾತು ಬೇಡ, ಹೊಗಳಿಕೆ ಬೇಡ.

ಅಲ್ಲಿಗೆ ಹೋಗುವವರ ಕೈಯಲ್ಲಿ ಫಲಕವೋ ಕಲ್ಲೋ ಕೊಟ್ಟು ನೆಡಿಸುವ ಯೋಚನೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಪರಿಸರ ರಕ್ಷಣೆಯ ಮ್ಯಾಡ್ರಿಡ್ ಒಡಂಬಡಿಕೆ ಇದೆ, ನಮ್ಮಲ್ಲಿ 2022ರ ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆಯೂ ಬಂದಿದೆ. ಅನುಮತಿ ಇಲ್ಲದೆ ಅಲ್ಲಿ ಏನನ್ನಾದರೂ ಬಿಟ್ಟುಬಂದರೆ ಸಿಕ್ಕಿಬೀಳುವವರು ಹೋದವರು.

ಉತ್ತರ ತಡವಾದರೆ ನೆನಪಿನ ಪತ್ರ ಬರೆಯಿರಿ. ಬೇಜಾರಾಗಿ ಅದೇ ಪ್ರಸ್ತಾವವನ್ನು ನಾರ್ವೆಗೂ ಇನ್ನೊಂದು ದೇಶಕ್ಕೂ ಕಳಿಸಬೇಡಿ. ಅವರು ತಮ್ಮ ದೇಶದವರಿಗೇ ಮೊದಲು ಮಣೆ ಹಾಕುತ್ತಾರೆ. ಅಲ್ಲದೆ ಎರಡು ಕಡೆ ಒಂದೇ ಅರ್ಜಿ ಓಡಾಡುತ್ತಿದೆ ಅಂತ ಗೊತ್ತಾದರೆ ಗೋವಾದವರೂ ಫೈಲನ್ನು ಪಕ್ಕಕ್ಕಿಟ್ಟುಬಿಡಬಹುದು.